ಬಂದರಿನ ಕೋಣೆಗೆ ಬೇಕಾದದ್ದು

ಮೊದಲು ಕೋಣೆ ಅಳೆದೆ. ಹನ್ನೆರಡು ಅಡಿಗೆ ಒಂಬತ್ತು.
ಹಿಂದೆ ಇಲ್ಲಿ ಉಪ್ಪಿನ ಮೂಟೆ ಪೇರಿಸುತ್ತಿದ್ದರಂತೆ;
ಗೋಡೆಗೆ ನಾಲಿಗೆ ತಾಗಿಸಿದರೆ ಈಗಲೂ ಗೊತ್ತಾಗ್ತದೆ
ಎಂದರು ಮೀನುಗಾರರ ಸಂಘದ ಕಾರ್ಯದರ್ಶಿ ಪುರಂದರ ಕಾಂಚನ್.
ನಾನು ತಾಗಿಸಲಿಲ್ಲ. ಅಲ್ಲೇ ಮರೆತ ಟೇಪಿನ ತುದಿ ಮಾತ್ರ
ಮರುದಿನಕ್ಕೆ ಕೆಂಪಗಾಗಿತ್ತು.

ಬರೆದುಕೊಂಡೆ: ಉಪ್ಪುಗಾಳಿ ಒಳಗೆ ಬಿಡದ ಬಾಗಿಲು.
ಎರಡು ಎಸಿ, ಸರದಿಯಲ್ಲಿ ಮಲಗುವಂಥವು.
ಹದಿನಾರು ಕೋರ್, ಅರವತ್ತನಾಲ್ಕು ಜಿಬಿ ಮೆಮೊರಿ,
ಡಿಸ್ಕು ಇವತ್ತಿಗೆ ಸಾಕಾಗುವುದರ ಮೂರು ಪಟ್ಟು,
ಯಾಕೆಂದರೆ ಲಾಗ್ ಎಂಬುದು ಬಾಡಿಗೆದಾರ:
ಬರುವಾಗ ಒಂದು ಚಾಪೆ, ವರ್ಷದೊಳಗೆ ಸಂಸಾರ.

"ಇಷ್ಟು ದೊಡ್ಡದು ಎಂತ ಮಾಡ್ತದೆ?"
ಏನೂ ಮಾಡುವುದಿಲ್ಲ, ಅಂದೆ.
ಐಸ್ ಪ್ಲಾಂಟಿನ ಲೆಕ್ಕ, ಡೀಸೆಲಿನ ಚೀಟಿ, ಹರಾಜಿನ ದರ
ಎಲ್ಲ ಬೇರೆ ಯಂತ್ರಗಳ ಕೆಲಸ,
ಕೆಲವು ಶಾಖೆಗಳಲ್ಲಿ, ಕೆಲವು ಮುಂಬೈಯಲ್ಲಿ, ಗಂಟೆಯ ಲೆಕ್ಕದಲ್ಲಿ.
ಯಾರು ಎಲ್ಲಿ, ಯಾರಿಗೆ ಎಷ್ಟು,
ಯಾರು ಬಿದ್ದರೆ ಯಾರು ಏಳಬೇಕು,
ಇದು ಅಷ್ಟನ್ನು ನೆನಪಿಟ್ಟುಕೊಂಡು ಕೂತಿರುತ್ತದೆ.
ಕಾಂಚನ್ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಹಾಗಾದರೆ ತಂಡೇಲ," ಅಂದರು.
"ಅವನೂ ಬಲೆ ಎಳೆಯುವುದಿಲ್ಲ.
ಅವನಿಗೆ ನಿದ್ದೆ ಹತ್ತಿದರೆ ಮಾತ್ರ ಗೊತ್ತಾಗುವುದು."

ನನ್ನ ಕಡತದಲ್ಲಿ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಆಮೇಲೆ ವಿಳಾಸ. ಬದಲಾಗದ ಐಪಿ ಒಂದು,
ಅದನ್ನು ಕರೆಯಲು ಹೆಸರೊಂದು. ಅರ್ಧ ದಿನ ಅದಕ್ಕೇ ಹೋಯಿತು:
ಬೆಂಗ್ರೆಯವರು ಅಂಜಲ್ ಎಂದರು, ಉಳ್ಳಾಲದವರು ಬೂತಾಯಿ.
ಬೂತಾಯಿ ಗೆದ್ದಿತು, ಅಗ್ಗವೆಂದು.
ಪೋರ್ಟ್ ನಾನ್ನೂರ ನಲವತ್ತಮೂರು ತೆರೆದಿರಲಿ,
ಇಪ್ಪತ್ತೆರಡು ನನ್ನ ಮೇಜಿಗೆ ಮಾತ್ರ, ಉಳಿದವಕ್ಕೆಲ್ಲ ಅಗುಳಿ.
ಎಲ್ಲರ ಗಡಿಯಾರವೂ ಒಂದೇ ಹೇಳಬೇಕು;
ಐದು ನಿಮಿಷ ಹಿಂದೆ ಬಿದ್ದವನ ಮಾತನ್ನು
ಇದು ನಂಬುವುದಿಲ್ಲ.

ತಂತಿ ಎರಡು. ಇದನ್ನು ಕೆಂಪು ಶಾಯಿಯಲ್ಲಿ ಬರೆದೆ.
ಬೇರೆ ಬೇರೆ ಕಂಪನಿ, ಬೇರೆ ಬೇರೆ ಬಿಲ್ಲು, ಒಂದು ಹೋದರೆ ಇನ್ನೊಂದು.
ನಕ್ಷೆಗಳೂ ಬಂದವು ಮೊಹರು ಸಮೇತ,
ಒಂದರಲ್ಲಿ ನೀಲಿ ಗೆರೆ, ಒಂದರಲ್ಲಿ ಹಳದಿ.
ಸರಿ ಎಂದು ಗುರುತು ಹಾಕುವುದರಲ್ಲಿದ್ದೆ.

ತಂತಿ ಎಳೆಯುವ ಹಸನಬ್ಬ ಬಂದ. ಚಪ್ಪಲಿ ಹೊರಗೆ ಬಿಟ್ಟ.
ನಕ್ಷೆ ನೋಡಲೇ ಇಲ್ಲ.
"ಬಾಯಮ್ಮ, ಸ್ಕೂಟರಿಗೆ ಪೆಟ್ರೋಲ್ ಉಂಟಾ?"

ಹೊಳೆಯ ಸೇತುವೆ. ಲಾರಿ ದಾಟಿದಾಗೆಲ್ಲ ಕಾಲಡಿ ನಡುಗುತ್ತದೆ.
ಕೆಳಗೆ ಸೊಂಟದವರೆಗಿನ ನೀರಲ್ಲಿ ಮರುವಾಯಿ ಹೆಕ್ಕುವವರು.
ಕಟಕಟೆಯಾಚೆ ಬಗ್ಗಿ ತೋರಿಸಿದ:
ತುಕ್ಕು ಹಿಡಿದ ಒಂದು ಕೊಕ್ಕೆ,
ಅದರಲ್ಲಿ ನೀಲಿಯೂ ಹಳದಿಯೂ
ಒಂದೇ ತೊಟ್ಟಿನ ಎರಡು ಅಲಸಂಡೆಯಂತೆ ಜೋತಿದ್ದವು.
"ಎರಡನ್ನೂ ಕಟ್ಟಿದ್ದು ನಾನೇ," ಅಂದ.
"ಇವರು ಸೋಮವಾರ ಕರೆದರು, ಅವರು ಗುರುವಾರ.
ಕೊಕ್ಕೆ ಒಂದೇ ಇದ್ದದ್ದು."

ನಾಚಿಕೆಯಾಯಿತು. ಆಮೇಲೆ ಒಂಥರಾ ನಿರಾಳ.
ಕಾಂಚನ್ ಕೇಳಿ ನಗಲಿಲ್ಲ:
"ಹಗ್ಗ ಎರಡಿದ್ದು ಗೂಟ ಒಂದೇ ಆದರೆ
ಅದು ದೋಣಿ ಕಟ್ಟಿದ್ದಲ್ಲ, ದೇವರಿಗೆ ಬಿಟ್ಟದ್ದು."

ಪಟ್ಟಿಗೆ ಹೊಸ ಸಾಲು: ಎರಡನೆಯ ತಂತಿ ಹೊಳೆ ದಾಟದೆ
ಪಡೀಲಿನ ಕಡೆಯಿಂದ ಸುತ್ತಿ ಬರಲಿ,
ಎಂಟು ಮಿಲಿಸೆಕೆಂಡು ತಡವಾದರೂ ಅಡ್ಡಿಯಿಲ್ಲ.
ಷರಾ: ಹಸನಬ್ಬನನ್ನು ಕೇಳಿ.
ಖರ್ಚಿಗೆ ಸಭೆ ಒಪ್ಪುವುದೋ ಇಲ್ಲವೋ ಗೊತ್ತಿಲ್ಲ.

ಇವತ್ತು ಪರೀಕ್ಷೆಗೆಂದು ಹಳೆಯ ಲ್ಯಾಪ್‌ಟಾಪೊಂದನ್ನು
ಆ ಕೋಣೆಯಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದ್ದೇನೆ.
ಹತ್ತು ಸೆಕೆಂಡಿಗೊಮ್ಮೆ ಅದು
ಹನ್ನೊಂದು ಶಾಖೆಗಳನ್ನೂ ಕೂಗಿ ಕೇಳುತ್ತದೆ:
ಉಂಟಾ?
ಉಂಟು.
ಉಂಟಾ?
ಉಂಟು, ಉಂಟು.
ಸಸಿಹಿತ್ಲಿನದ್ದು ಮಾತ್ರ ಯಾವಾಗಲೂ ಕೊನೆಗೆ,
ಬಾಯಲ್ಲಿ ತುತ್ತಿದ್ದವರ ಹಾಗೆ.